ಹಿತ್ತಿಲ ಬಾಗಿಲಿನ ಬಂದೂಕು

ಮಾರ್ಚ್ ತಿಂಗಳ ಒಂದು ಮಧ್ಯಾಹ್ನ ನೋರೀನ್ ನೆಲಮಾಳಿಗೆಯಲ್ಲಿ ಬಟ್ಟೆ ಒಗೆಯುತ್ತಿದ್ದಾಗ ಯಾವನೋ ಹಿತ್ತಿಲ ಬಾಗಿಲು ತಳ್ಳಿಕೊಂಡು ಅಡುಗೆಮನೆಗೆ ಬಂದು, ಅವಳ ಮಂಡಿನೋವಿನ ಮಾತ್ರೆಯ ಡಬ್ಬಿ ಎತ್ತಿಕೊಂಡು ಹೋದ. ತಲೆಯ ಮೇಲೆ ಬೂಟುಗಾಲಿನ ಸದ್ದು ಓಡಾಡುವಷ್ಟು ಹೊತ್ತೂ ಅವಳು ಒದ್ದೆ ಬಟ್ಟೆ ಹಿಡಿದು ಉಸಿರು ಬಿಗಿಹಿಡಿದು ನಿಂತಿದ್ದಳು. ಫೋನ್ ಮಾಡಿದರೆ ಶೆರಿಫನ ಕಡೆಯ ಪೊಲೀಸರು ಬಂದದ್ದು ಮುಕ್ಕಾಲು ಗಂಟೆಯ ಮೇಲೆ. ಸಂಜೆ ಗಂಡ ವೆರ್ಲಿನ್ ಕಾಗದದ ಕಾರ್ಖಾನೆಯಿಂದ ಬಂದಾಗ ಅವಳು ಕೇಳಿದ್ದು ಒಂದೇ, ಆ ಬಾಗಿಲಿಗೊಂದು ಗಟ್ಟಿ ಚಿಲಕ. ಹಳೆಯದು ಕ್ರಿಸ್‌ಮಸ್‌ನಿಂದಲೇ ಸರಿಯಾಗಿ ಕೂರುತ್ತಿರಲಿಲ್ಲ.

ವೆರ್ಲಿನ್ ಚಿಲಕ ತರಲಿಲ್ಲ. ಶನಿವಾರ ಗಿರವಿ ಅಂಗಡಿಗೆ ಹೋಗಿ ಯಾರೋ ಬಳಸಿ ಬಿಟ್ಟ ಪಂಪ್ ಬಂದೂಕು ತಂದ.

"ನಿನಗೋಸ್ಕರ ಕಣೇ," ಎಂದು ಮುಂದಿನ ಹಿಡಿಯನ್ನು ಹಿಂದಕ್ಕೂ ಮುಂದಕ್ಕೂ ಖಟಕ್ಕನೆ ಎಳೆದು ತೋರಿಸಿದ. "ಈ ಸದ್ದು ಕೇಳಿದ್ರೆ ಸಾಕು, ಗುಂಡೇ ಬೇಡ. ಕಳ್ಳ ಪಕ್ಕದ ಕೌಂಟಿವರೆಗೂ ಓಡ್ತಾನೆ."

"ಚಿಲಕ?"

"ಇದರ ರಿಪೇರಿಯೊಂದು ಮುಗೀಲಿ, ನೋಡೋಣ."

ಇದು ಬೇಗ ಮುಗಿಯುವ ಜಾತಿಯದಲ್ಲ. ಆರು ವಾರ ಊಟದ ಮೇಜು ಅವಳದಾಗಿರಲಿಲ್ಲ. ವೆರ್ಲಿನ್ ಬಂದೂಕನ್ನು ಅದರ ಮೇಲೆ ಹರವಿಕೊಂಡು ಮೊದಲು ತುಕ್ಕು ಉಜ್ಜಿದ. ಆಮೇಲೆ ಬಾತುಕೋಳಿ ಬೇಟೆಯ ಉದ್ದ ನಳಿಗೆ ಕಳಚಿ ಗಿಡ್ಡನೆಯದು ಹಾಕಿದ. ಮರದ ಹಿಡಿ ಹೋಗಿ ಕಪ್ಪು ಪ್ಲಾಸ್ಟಿಕ್ಕಿನದು ಬಂತು, ಟಾರ್ಚು ಬಂತು, ಪಕ್ಕೆಗೆ ಆರು ತೋಟಾ ಸಿಕ್ಕಿಸುವ ಗೂಡೂ ಬಂತು. ಗಂಡ ಹೆಂಡತಿ ತಟ್ಟೆಯನ್ನು ತೊಡೆಯ ಮೇಲಿಟ್ಟುಕೊಂಡು ತಿಂದರು. ಕಾರ್ಖಾನೆಯ ಗೆಳೆಯರು ಬಂದು ಮುಟ್ಟಿ ಮುಟ್ಟಿ ನೋಡಿ, ನೋರೀನ್ ಅದೃಷ್ಟವಂತೆ ಎಂದು ಹೇಳಿ ಹೋದರು. ಅದೃಷ್ಟವಂತೆ ದಿನವೂ ಹಿತ್ತಿಲ ಬಾಗಿಲಿಗೆ ಕುರ್ಚಿ ಒರಗಿಸಿ ಬಟ್ಟೆ ಒಗೆಯಲು ಇಳಿಯುತ್ತಿದ್ದಳು. ಮೈಯೆಲ್ಲ ಉರಿಯುತ್ತಿತ್ತು ಅವಳಿಗೆ.

ಮೇ ತಿಂಗಳ ಒಂದು ಭಾನುವಾರ ಬಂದೂಕು ಸಿದ್ಧವಾಯಿತು. ಎತ್ತಿ ನೋಡು ಎಂದ, ಎತ್ತಿದಳು. ಹಿಂಬದಿಯನ್ನು ಭುಜಕ್ಕೆ ಆನಿಸಿದರೆ ಮುಂದಿನ ಹಿಡಿ ಕೈಗೆ ಎಟುಕಲಿಲ್ಲ. ಭಾರಕ್ಕೆ ನಳಿಗೆ ನೆಲ ನೋಡಿತು.

"ಯಾರ ತೋಳಿನ ಅಳತೆ ತಗೊಂಡೆ?"

"ನಂದೇ. ಅಭ್ಯಾಸ ಆಗತ್ತೆ ಬಿಡು."

ಹಾಗೆಂದವನೇ ಅದನ್ನು ಕಬ್ಬಿಣದ ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿ, ಕೀಲಿಯನ್ನು ತನ್ನ ಗೊಂಚಲಿಗೆ ಸೇರಿಸಿಕೊಂಡ. ಮರುದಿನ ಬೆಳಿಗ್ಗೆ ಗೊಂಚಲು ಅವನ ಸೊಂಟದಲ್ಲೇ ಕಾರ್ಖಾನೆಗೆ ಹೋಯಿತು.

ಅವನ ಟ್ರಕ್ಕು ತಿರುವು ದಾಟಿದ್ದೇ ತಡ, ನೋರೀನ್ ಹಾರ್ಡ್‌ವೇರ್ ಅಂಗಡಿಗೆ ಹೋದಳು. ಹೆಬ್ಬೆರಳು ದಪ್ಪದ ಉಕ್ಕಿನ ಚಿಲಕ ತಂದು, ಗಂಡನ ಡ್ರಿಲ್ಲಿನಿಂದಲೇ ಕೊರೆದು ಕೂರಿಸಿದಳು. ಹಾಕಿ ನೋಡಿದಳು, ತೆಗೆದು ಮತ್ತೆ ಹಾಕಿದಳು. ಆಮೇಲೆ ಅಲ್ಲೇ ನೆಲದ ಮೇಲೆ ಕುಸಿದು ಕೂತು ಸಿಟ್ಟಿಗೆ ಅತ್ತಳು. ಚಿಲಕ ಕೂರಿಸುವುದು ಬರೀ ಅರ್ಧ ಗಂಟೆಯ ಕೆಲಸವಾಗಿತ್ತು.

ಸಂಜೆ ವೆರ್ಲಿನ್ ಎಂದಿನಂತೆ ಹಿತ್ತಿಲ ಬಾಗಿಲು ತಳ್ಳಿದ. ಬಾಗಿಲು ಮಿಸುಕಲಿಲ್ಲ. ಭುಜ ಕೊಟ್ಟು ತಳ್ಳಿದ.

"ನೋರೀನ್, ಏನಾಗಿದೆ ಇದಕ್ಕೆ? ಒಳಗೆ ಬರೋಕೇ ಆಗ್ತಿಲ್ಲ."

"ಹೌದು," ಎಂದಳು ಅವಳು ಒಳಗಿನಿಂದ. "ಮಾರ್ಚಲ್ಲಿ ನಾನು ಕೇಳಿದ್ದು ಇದನ್ನೇ."