ಚಾಲೂ ಖೋಲಿ

ಗೇಟಿನ ಕಂಪ್ಯೂಟರ್ ಐದನೇ ಸಲವೂ ಅದನ್ನೇ ಹೇಳಿತು: 16452 ಸಂಖ್ಯೆಯ ನಮೂನೆ ಸಿಗಲಿಲ್ಲ.

"ಯಾತ್ರಿಗಳೇ, ದಯವಿಟ್ಟು ಗಮನಿಸಿ," ಹಮಾಲರ ಮುಖಂಡ ಭಾಗಪ್ಪ ಮೂಗು ಹಿಡಿದುಕೊಂಡು ರೈಲ್ವೆ ಸ್ಟೇಷನ್ನಿನ ಹೆಣ್ಣುದನಿ ತೆಗೆದ. "ಗಾಡಿ ಸಂಖ್ಯೆ ಒಂದು, ಆರು, ನಾಲ್ಕು, ಐದು, ಎರಡು ಎಲ್ಲಿಗಿ ಹೋಗೇತಿ ಅಂತ ನಮಗೂ ಗೊತ್ತಿಲ್ಲ."

ಲಾರಿ ಚಾಲಕರು ನಕ್ಕರು. ಆಮ್ರಪಾಲಿಗೆ ನಗು ಬರಲಿಲ್ಲ. ಟಿಕೋಟಾ ರಸ್ತೆಯ ಈ ಕೋಲ್ಡ್ ಸ್ಟೋರೇಜಿನಲ್ಲಿ ಯಾವ ಒಣದ್ರಾಕ್ಷಿ ಎಲ್ಲಿದೆಯೆಂದು ಹೇಳುವ ಸಾಫ್ಟ್‌ವೇರ್ ಅವಳದೇ. ಕಾಖಂಡಕಿಯಿಂದ ದಿನಾ ಬಸ್ಸಿನಲ್ಲಿ ಬಂದು ಮೂರು ತಿಂಗಳು ಕೂತು ಬರೆದದ್ದು. ಮಾಹಿತಿ ತುಂಬಲು ಡೇಟಾಬೇಸಿನಲ್ಲಿರುವ ಸಿದ್ಧ ನಮೂನೆಗಳು ಇಲ್ಲಿಯ ಮಾಲಿಗೆ ಒಗ್ಗದೆ, ಬಣ್ಣ, ಗಾತ್ರ ಎರಡನ್ನೂ ಹಿಡಿಯುವ 'ದ್ರಾಕ್ಷಿ' ಎಂಬ ಸ್ವಂತ ನಮೂನೆಯನ್ನೇ ಅವಳು ಹುಟ್ಟಿಸಿದ್ದಳು. ಇವತ್ತು ಅದಕ್ಕೆ ತೇವವನ್ನೂ ಸೇರಿಸಲು ಹಳೆಯದನ್ನು ಅಳಿಸಿ, ಅದೇ ಹೆಸರಿನಲ್ಲಿ ಹೊಸದನ್ನು ಮಾಡಿದ್ದಳು. ಆಫೀಸಿನ ಕಂಪ್ಯೂಟರ್ ಒಪ್ಪಿತು. ಗೇಟಿನದು ಮುನಿಸಿಕೊಂಡಿತು.

"ದ್ರಾಕ್ಷಿ ಒಣಗಿದ್ದಾತು, ಈಗ ನಾವು ಒಣಗಾಕತ್ತೇವಿ," ಎಂದರು ಮಾಲೀಕ ಸಂಗಮೇಶ. ಬಿಸಿಲಲ್ಲಿ ನಿಂತರೆ ಹಸಿರು ಮಾಲು ಕಂದು ಬಣ್ಣಕ್ಕೆ ತಿರುಗುತ್ತದೆ. "ನಾಕರ ತನಕ ನೋಡ್ತೇನವಾ. ಆಮ್ಯಾಲೆ ನನ್ನ ಲೆಕ್ಕದ ವಹಿನೇ ಛಲೋ. ನೀನೂ ಬ್ಯಾರೆ ಕಡೆ ಕೆಲಸ ನೋಡ್ಕೊ."

ಗಂಟೆ ಆಗಲೇ ಮೂರೂವರೆ. ಬರೆದದ್ದನ್ನೆಲ್ಲ ಮತ್ತೆ ಓದಿದಳು. ತಪ್ಪೇ ಇರಲಿಲ್ಲ. ಅದೇ ಅವಳನ್ನು ಹೆದರಿಸಿತು.

ಅಷ್ಟರಲ್ಲಿ ಭಾಗಪ್ಪ ತಂಪು ಕೋಣೆಗಳ ಒಳಬಾಗಿಲಲ್ಲಿ ನಿಂತು ಒಳಗಿದ್ದ ಹಮಾಲನನ್ನು ಕೂಗಿದ. "ಲೇ ಮುತ್ತು! ಮುಂಜಾನಿ ಮಾಲು ತುಂಬಿದ ಖೋಲಿ ಮುಂದ ಯಾಕಲೇ ಒಟ್ಟಾಕತ್ತೀ?"

"ಚಾಲೂ ಖೋಲಿಗೆ ಹಾಕು ಅಂತ ನೀನ ಹೇಳಿದ್ದಿ!" ಒಳಗಿನಿಂದ ದನಿ ಬಂತು.

ಭಾಗಪ್ಪ ಆಮ್ರಪಾಲಿಯತ್ತ ತಿರುಗಿದ. "ಸದ್ಯ ತುಂಬೂ ಖೋಲಿಗೆ ಚಾಲೂ ಖೋಲಿ ಅಂತೇವ್ರಿ. ಮಧ್ಯಾಹ್ನ ಒಂದು ತುಂಬ್ತು, ಬಾಜೂದ್ದು ಚಾಲೂ ಆತು. ಈ ಮಗ ಮುಂಜಾನಿಂದ ಒಳಗ ಅದಾನ. ಇವನ ತಲ್ಯಾಗ ಇನ್ನೂ ಹಳೇದ ಚಾಲೂ."

"ಈಗೇನ್ ಮಾಡ್ತೀರಿ ಕಾಕಾ?"

"ಮಾಡೂದೇನು? ಹೊರಗ ಕರದು, ಮತ್ತ ಒಳಗ ಕಳಸೂದು."

ಆಮ್ರಪಾಲಿಯ ಬೆರಳು ಕೀಲಿಮಣೆಯ ಮೇಲೆಯೇ ನಿಂತಿತು. ಆಫೀಸಿನ ಕಂಪ್ಯೂಟರನ್ನು ಅವಳು ಬದಲಾವಣೆಯ ನಂತರ ಶುರುಮಾಡಿದ್ದಳು. ಗೇಟಿನದು ಬೆಳಿಗ್ಗೆ ಏಳಕ್ಕೆ ಸರ್ವರ್ ಸೇರಿದ್ದು, ಹೊರಗೇ ಬಂದಿರಲಿಲ್ಲ. ಪ್ರತಿ ನಮೂನೆಗೂ ಡೇಟಾಬೇಸ್ ತಾನೇ ಒಂದು ಸಂಖ್ಯೆ ಕೊಡುತ್ತದೆ; ಹೆಸರು ಅದೇ ಇದ್ದರೂ ಗೇಟಿನದರ ನೆನಪಿನಲ್ಲಿದ್ದ ಸಂಖ್ಯೆ ಅಳಿಸಿದ ನಮೂನೆಯದು.

ಮಡಿಲ ಮೇಲಿನ ಲ್ಯಾಪ್‌ಟಾಪಿನಿಂದಲೇ ಸರ್ವರಿನ ಹಳೆಯ ಸಂಪರ್ಕಗಳನ್ನೆಲ್ಲ ಕಡಿದಳು. ಗೇಟಿನ ಪರದೆ ಕಪ್ಪಾಯಿತು.

"ಸತ್ತೇ ಹೋತಲ್ಲವಾ!" ಸಂಗಮೇಶ ಎದ್ದು ನಿಂತರು.

"ಹೊರಗ ಕರದೇನ್ರಿ. ಬರ್ತೈತಿ."

ಗೇಟಿನ ಕಂಪ್ಯೂಟರ್ ತಾನಾಗಿ ಮತ್ತೆ ಸರ್ವರ್ ಸೇರಿತು, ಪರದೆ ಬೆಳಗಿತು. ಪ್ರಿಂಟರ್ ಕಿರುಗುಟ್ಟಿ ಚೀಟಿಯೊಂದನ್ನು ಹೊರಹಾಕಿತು: ಬಣ್ಣ, ಗಾತ್ರ, ತೇವ.

ಸಂಗಮೇಶ ಚೀಟಿ ಓದಿದರು. ನಂಬಿಕೆ ಸಾಲದೆ ಲಾರಿಯ ಮೊದಲ ಪೆಟ್ಟಿಗೆ ಬಿಚ್ಚಿಸಿ, ಒಂದು ಹಿಡಿ ತೆಗೆದು, ಒಂದನ್ನು ನಿಧಾನವಾಗಿ ಅಗಿದರು. ಮತ್ತೊಮ್ಮೆ ಚೀಟಿ ನೋಡಿದರು.

"ನಾಳೆ ಬಬಲೇಶ್ವರದ ಕರಿದ್ರಾಕ್ಷಿ ಬರ್ತಾವ," ಎಂದರು. "ಅದನ್ನೂ ಕೂಡಿಸಬೇಕಲ್ಲವಾ?"

"ಕೂಡಸ್ತೇನ್ರಿ."

ಅವರು ಉಳಿದ ದ್ರಾಕ್ಷಿಯನ್ನು ಅವಳ ಅಂಗೈಗೆ ಸುರಿದು ಲಾರಿಗೆ ಕೈ ಬೀಸಿದರು. ಹಮಾಲರು ಬಾಗಿಲನ್ನು ಪೂರ್ತಿ ತೆರೆದರು. ಒಳಗಿನ ತಂಪು ನೆಲದ ಗುಂಟ ಹರಿದು ಬಂದು ಅವಳ ಕಾಲ್ಬೆರಳು ಮುಟ್ಟಿತು.