ತಂಪು ತಾಗದ ಜಾಗ

ಫ್ರಿಜ್ಜಿನಿಂದ ಆಗಷ್ಟೇ ತೆಗೆದ, ಮುಖಕ್ಕೆ ಹಚ್ಚುವ ಜೆಲ್ಲಿನ ಡಬ್ಬಿ ಬೆರಳು ಮರಗಟ್ಟುವಷ್ಟು ತಣ್ಣಗಿತ್ತು. ನಯನ ಒಂದು ಬೊಟ್ಟಿನಷ್ಟು ತೆಗೆದು ಎಡಗೈಯ ಒಳಭಾಗಕ್ಕೆ, ಮೊಣಕೈಗಿಂತ ಕೊಂಚ ಕೆಳಗೆ ಸವರಿಕೊಂಡಳು. ಹೊಸದು ಯಾವುದೇ ಇರಲಿ, ಮುಖಕ್ಕೆ ಮುಂಚೆ ಕೈಗೆ ಹಚ್ಚಿ ಒಂದು ದಿನ ಕಾಯಬೇಕು, ಉರಿಯೋ ತುರಿಕೆಯೋ ಬಂದರೆ ಬಿಟ್ಟುಬಿಡಬೇಕು. ಜೆಲ್ ತರಿಸಿಕೊಟ್ಟ ಗೆಳತಿ ಸುನಿತಾ ಹೇಳಿಕೊಟ್ಟ ಮೊದಲ ಪಾಠವೇ ಅದು. ತಂಪು ಮೆಲ್ಲಗೆ ಕೈಯ ಮೇಲೆ ಹರಡಿತು. ನಡುವೆ ಒಂದು ಕಡೆ ಮಾತ್ರ ಹರಡಲಿಲ್ಲ.

ಇನ್ನೊಮ್ಮೆ ಸವರಿದಳು. ನಿಂಬೆಹಣ್ಣಿನ ಹೋಳಿನಷ್ಟಗಲ ಒಂದು ಮಾಸಲು ಬಿಳುಪಿನ ಮಚ್ಚೆ ಅಲ್ಲಿತ್ತು. ಯಾವಾಗಿನಿಂದ ಇತ್ತೋ, ಬಿಸಿಲಿಗೆ ಬಣ್ಣ ಕೆಟ್ಟಿದೆ ಎಂದುಕೊಂಡು ಸುಮ್ಮನಿದ್ದಳು. ಈಗ ಅದರ ಮೇಲೆ ಜೆಲ್ ಇದೆಯೆಂದು ಕಣ್ಣು ಹೇಳುತ್ತಿತ್ತು, ಚರ್ಮ ಹೇಳುತ್ತಿರಲಿಲ್ಲ. ಅಡುಗೆಮನೆಗೆ ಹೋಗಿ ಐಸ್ ತುಂಡು ತಂದು ಒತ್ತಿದಳು. ಸುತ್ತಲಿನ ಚರ್ಮ ಕೊರೆಯಿತು, ಮಚ್ಚೆ ಸುಮ್ಮನಿತ್ತು. ಪೆನ್ಸಿಲ್ ಮೊನೆಯಿಂದ ಚುಚ್ಚಿಕೊಂಡಳು. ಬೇರೆ ಯಾರದೋ ಕೈಗೆ ಚುಚ್ಚಿದ ಹಾಗಿತ್ತು.

ಮದ್ದೂರಿನ ಒಂದು ನರ್ಸರಿ ಶಾಲೆಯಲ್ಲಿ ನಯನ ಯುಕೆಜಿ ಮಕ್ಕಳಿಗೆ ಪಾಠ ಹೇಳುತ್ತಿದ್ದಳು. ಮಳವಳ್ಳಿಯಿಂದ ಬರುವ ಸುನಿತಾ ಪಕ್ಕದ ತರಗತಿಯವಳು. ಮೂರು ತಿಂಗಳ ಹಿಂದೆ, ಚಿಕ್ಕಮ್ಮಂದಿರ ಮಾತು ಕೇಳಿ ಬಿಳಿ ಮಾಡುವ ಕ್ರೀಮು ಹಚ್ಚಿ ಕೆನ್ನೆ ಸುಲಿಸಿಕೊಂಡು ಬಂದಿದ್ದ ನಯನಳನ್ನು ನೋಡಿ ಸುನಿತಾ ಬೈದಿದ್ದಳು. "ಬೆಳ್ಳಗಾಯ್ತೀನಿ ಅನ್ಕಂಡಿದ್ರೆ ಬುಟ್ಬುಡು ಕಣೆ. ಕೊರಿಯಾದೋರು ಮಾಡದು ಬಣ್ಣಕ್ಕಲ್ಲ, ಚರ್ಮ ನೆಟ್ಟಗಿರಲಿ ಅಂತ. ಅದ್ರಲ್ಲಿ ಗುಟ್ಟೇನೂ ಇಲ್ಲ, ದಿನಾ ಮಾಡ್ತಾರೆ ಅಷ್ಟೆಯ."

ಸುನಿತಾ ಕಲಿಸಿದ ಕೊರಿಯಾದವರ ಕ್ರಮ ಹೀಗಿತ್ತು: ಮೊದಲು ಎಣ್ಣೆಯಂಥದ್ದರಿಂದ ಮುಖದ ಧೂಳು ಬಿಡಿಸುವುದು, ಆಮೇಲೆ ನೊರೆಯಿಂದ ತೊಳೆಯುವುದು. ಒದ್ದೆ ಆರುವ ಮುಂಚೆ ನೀರಿನಂಥ ಟೋನರ್, ಮೇಲೆ ಸೀರಮ್, ಕೊನೆಗೆ ಕ್ರೀಮು. ಬೆಳಿಗ್ಗೆ ಮನೆ ಬಿಡುವಾಗ ಸನ್‌ಸ್ಕ್ರೀನ್. ಉಜ್ಜಬಾರದು, ತಟ್ಟಬೇಕು. ಗುತ್ತಲಿನ ತಮ್ಮ ಎರಡು ಕೋಣೆಯ ಮನೆಯಲ್ಲಿ, ಹೊರಗೆ ಅಮ್ಮನ ಹೊಲಿಗೆಮಿಷನ್ನು ಕಟಕಟ ಎನ್ನುತ್ತಿರುವಾಗ, ನಯನಳಿಗೆ ಆ ಹದಿನೈದು ನಿಮಿಷ ಯಾರೂ ತನ್ನನ್ನು ಕೂಗದ ಹೊತ್ತಾಗಿತ್ತು. ತನ್ನ ಮುಖವನ್ನು ತಾನೇ ಇಷ್ಟು ಮೆತ್ತಗೆ ಎಂದೂ ಮುಟ್ಟಿಕೊಂಡಿರಲಿಲ್ಲ.

ಅವತ್ತು ಅವಳು ಮುಖ ತೊಳೆಯಲೂ ಇಲ್ಲ. ಫೋನಿನಲ್ಲಿ ಹುಡುಕಿದಳು. ಮೊದಲು ಕಂಡ ಪದವೇ ಕುಷ್ಠ. ಫೋನನ್ನು ಬೋರಲು ಹಾಕಿ ಮಂಚದ ಮೇಲೆ ಕೂತಳು.

ಆ ಪದ ಮನೆಯಲ್ಲಿ ಯಾರ ಬಾಯಲ್ಲೂ ಬರುತ್ತಿರಲಿಲ್ಲ. ಅಮ್ಮನ ಚಿಕ್ಕಪ್ಪ ನಿಂಗಯ್ಯ ಬಸರಾಳಿನಲ್ಲಿ ಊರಾಚೆಯ ಪಂಪ್‌ಮನೆಯಲ್ಲಿ ಒಬ್ಬನೇ ಇದ್ದು ಸತ್ತನಂತೆ. ಏಳು ವರ್ಷದ ಅಮ್ಮ ಕಲ್ಲಿನ ಮೇಲೆ ಮುದ್ದೆ ಇಟ್ಟು, ದೂರ ಹೋಗಿ ನಿಂತು, "ಉಣ್ಣು ಚಿಕ್ಕಪ್ಪ" ಎಂದು ಕೂಗಿ ಓಡಿಬರುತ್ತಿದ್ದಳಂತೆ. ಅಷ್ಟನ್ನು ಒಂದೇ ಒಂದು ಸಲ ಹೇಳಿ ಅಮ್ಮ ಮಂಗಳಮ್ಮ ಮಾತು ಬದಲಿಸಿದ್ದಳು.

ಮರುದಿನದಿಂದ ನಯನ ತುಂಬು ತೋಳಿನ ಕುರ್ತಾ ಹಾಕತೊಡಗಿದಳು. ತರಗತಿಯಲ್ಲಿ ಮಕ್ಕಳು ಓಡಿಬಂದು ಕಾಲಿಗೆ ತೆಕ್ಕೆಬಿದ್ದರೆ ಕೈಗಳನ್ನು ಬೆನ್ನ ಹಿಂದೆ ಇಟ್ಟುಕೊಳ್ಳುತ್ತಿದ್ದಳು. ಕೈ ಹಿಡಿದು 'ಅ' ತಿದ್ದಿಸುವುದನ್ನು ಬಿಟ್ಟು ಬೋರ್ಡಿನಲ್ಲೇ ಬರೆದು ತೋರಿಸಿದಳು. ಮೂವತ್ತೆರಡು ಮಕ್ಕಳು. ಇಷ್ಟು ದಿನ ಎಷ್ಟು ಮೂಗು ಒರೆಸಿದ್ದೆ, ಎಷ್ಟು ಕೈ ತೊಳೆಸಿದ್ದೆ ಎಂದು ಬಸ್ಸಿನಲ್ಲಿ ಲೆಕ್ಕ ಹಾಕಿದಳು. ಪಕ್ಕದ ಸೀಟಿನಲ್ಲಿ ಯಾರಾದರೂ ಕೂತರೆ ಎದ್ದು ನಿಲ್ಲುತ್ತಿದ್ದಳು.

ನಾಲ್ಕನೆಯ ದಿನ ಸುನಿತಾ ಅವಳನ್ನು ಸ್ಟಾಫ್ ರೂಮಿನ ಮೂಲೆಗೆ ಎಳೆದು ಏನಾಗಿದೆ ಎಂದು ಕೇಳಿದಳು. ನಯನ ತೋಳು ಮಡಚಿ ತೋರಿಸಿದಳು. "ನಿನ್ನ ಜೆಲ್ಲಿಂದ ಏನಾದ್ರೂ..."

"ಜೆಲ್ ಅಚ್ಚಕ್ಕೆ ಮುಂಚೇನೆ ಇತ್ತಲ್ವೇನೆ ಇದು?" ಸುನಿತಾಳ ದನಿ ತಗ್ಗಿತು. "ಯಾವ ಕ್ರೀಮ್ಗೂ ಓಗದಲ್ಲ ಕಣೆ ಇದು. ಚರ್ಮದ ಡಾಕ್ಟ್ರತ್ರ ಓಗು. ನಿಮ್ಮಮ್ಮಂಗೆ ಯೋಳಿದ್ದೀಯ?"

"ಅಮ್ಮಂಗೆ ಹೇಳಿದ್ರೆ ಸತ್ತೋಯ್ತಾಳೆ."

ಹೇಳಬೇಕಾಗಿ ಬರಲಿಲ್ಲ. ಅಂದು ಸಂಜೆ ನಯನ ಬಚ್ಚಲಿನಲ್ಲಿ ತನ್ನ ತಟ್ಟೆ ಲೋಟ ತೊಳೆದು ಕಿಟಕಿಯಲ್ಲಿ ಬೇರೆಯಾಗಿ ಬೋರಲು ಹಾಕುವಾಗ ಮಂಗಳಮ್ಮ ಬಾಗಿಲಲ್ಲೇ ನಿಂತಿದ್ದಳು. ಕತ್ತಿನಲ್ಲಿ ಅಳತೆಯ ಟೇಪು ಜೋತಾಡುತ್ತಿತ್ತು.

"ಮೂರ್ ದಿನದಿಂದ ನೋಡ್ತಾವ್ನಿ. ತಟ್ಟೆ ಯಾಕ್ ಮಗ ಬ್ಯಾರೆ ಮಡಿಕಂಡಿದ್ದೀಯ?"

ನಯನಳಿಗೆ ಸುಳ್ಳು ಹೊಳೆಯಲಿಲ್ಲ. ತೋಳು ಸರಿಸಿದಳು. ಮಂಗಳಮ್ಮ ಹತ್ತಿರ ಬಂದು ಬಗ್ಗಿ ನೋಡಿದಳು. ಟೇಪಿನ ತುದಿಯ ತಗಡಿನಿಂದ ಮಚ್ಚೆಯನ್ನು ಒತ್ತಿ ಮಗಳ ಮುಖ ನೋಡಿದಳು. ಮುಖದಲ್ಲಿ ಏನೂ ಆಗಲಿಲ್ಲ. ಮಂಗಳಮ್ಮ ಹಿಂದಕ್ಕೆ ಒಂದು ಹೆಜ್ಜೆ ಇಟ್ಟಳು. ಒಂದೇ ಹೆಜ್ಜೆ. ನಯನ ಅದನ್ನು ನೋಡಿದಳು. ನೋಡಿದ್ದು ಅಮ್ಮನಿಗೂ ಗೊತ್ತಾಯಿತು.

"ನಾಳೆ ದೊಡ್ಡಾಸ್ಪತ್ರೆಗೆ ಓಗವ," ಎಂದಳು ಮಂಗಳಮ್ಮ. ಮಿಷನ್ನಿನ ಮುಂದೆ ಕೂತಳು, ತುಳಿಯಲಿಲ್ಲ.

ಆಸ್ಪತ್ರೆಯ ಚರ್ಮದ ವಿಭಾಗದ ಡಾಕ್ಟರು ನಯನಳಿಗೆ ಕಣ್ಣು ಮುಚ್ಚಲು ಹೇಳಿದರು. "ಹತ್ತಿ ಮುಟ್ಟಿಸ್ತೀನಿ. ಎಲ್ಲಿ ಮುಟ್ಟಿತು ಅಂತ ಬೆರಳಿಟ್ಟು ತೋರಿಸಿ." ಮಣಿಕಟ್ಟು ತೋರಿಸಿದಳು. ಮೊಣಕೈ ತೋರಿಸಿದಳು. ಆಮೇಲೆ ಏನೂ ಆಗದೆ ಎಷ್ಟೋ ಹೊತ್ತು ಹೋಯಿತು. ಬಾಗಿಲಾಚೆ ಯಾರದೋ ಹೆಸರು ಕೂಗುತ್ತಿದ್ದರು. ಡಾಕ್ಟರು ಮುಟ್ಟಿಸುತ್ತಲೇ ಇದ್ದಾರೆ, ತನಗೇ ಗೊತ್ತಾಗುತ್ತಿಲ್ಲ ಎಂದು ಹೊಳೆದಾಗ ಅವಳ ಮುಚ್ಚಿದ ಕಣ್ಣುಗಳಿಂದ ನೀರು ಇಳಿಯಿತು.

ಡಾಕ್ಟರು ಮೊಣಕೈಯ ನರವನ್ನು ಒತ್ತಿ ನೋಡಿದರು, ಬೆನ್ನು ನೋಡಿದರು, ಕಿವಿ ನೋಡಿದರು. "ಕುಷ್ಠವೇ," ಎಂದರು, ನೆಗಡಿ ಎನ್ನುವ ದನಿಯಲ್ಲಿ. "ಒಂದೇ ಮಚ್ಚೆ, ನರಕ್ಕೆ ತೊಂದರೆ ಆಗಿಲ್ಲ. ಆರು ತಿಂಗಳು ಮಾತ್ರೆ, ವಾಸಿಯಾಗುತ್ತೆ. ಹೇಗೆ ಗೊತ್ತಾಯ್ತು ನಿಮಗೆ? ಕೈ ಸುಟ್ಟುಕೊಂಡ ಮೇಲೆ ಬರೋರೇ ಜಾಸ್ತಿ."

ನಯನ ತಡವರಿಸುತ್ತ ಜೆಲ್ಲಿನ ಕಥೆ ಹೇಳಿದಳು. ಡಾಕ್ಟರ ಹುಬ್ಬು ಮೇಲೇರಿತು. "ಹಚ್ಕೊಳಿ, ಹಚ್ಕೊಳಿ. ಚರ್ಮ ಒಣಗೋಕೆ ಬಿಡಬೇಡಿ."

"ಶಾಲೆ, ಸಾರ್? ಮಕ್ಕಳು..."

"ನಾಳೆಯೇ ಹೋಗಿ. ಮುಟ್ಟಿದರೆ ಬರೋ ಕಾಯಿಲೆ ಅಲ್ಲ ಇದು. ಮನೆಯವರನ್ನ ಮಾತ್ರ ಒಂದ್ಸಲ ಪರೀಕ್ಷೆ ಮಾಡ್ತೀವಿ."

ಅಲ್ಲಿಯವರೆಗೆ ಗೋಡೆಗೆ ಒರಗಿ ನಿಂತಿದ್ದ ಮಂಗಳಮ್ಮ ಬಾಯಿಬಿಟ್ಟಳು. "ಆಗ್ಲೂ ಮಾತ್ರೆ ಇತ್ತಾ ಸಾರ್?"

"ಯಾವಾಗ, ಅಮ್ಮ?"

"ನಾನು ಏಳ್ ವರ್ಸದ ಉಡ್ಗಿ ಆಗಿದ್ದಾಗ."

ಡಾಕ್ಟರು ಅವಳ ಮುಖವನ್ನೊಮ್ಮೆ ನೋಡಿ ಮನಸ್ಸಿನಲ್ಲೇ ಎಣಿಸಿದರು. "ಇತ್ತಮ್ಮ. ಯಾರಾದರೂ ಕರ್ಕೊಂಡು ಬರಬೇಕಿತ್ತು ಅಷ್ಟೆ."

ಮಂಗಳಮ್ಮ ಮಾತ್ರೆಯ ಚೀಟಿಗೆ ಕೈಚಾಚಿದಳು.

ಮೊದಲ ಮಾತ್ರೆಗಳನ್ನು ಅಲ್ಲೇ, ನರ್ಸಿನ ಎದುರೇ ನುಂಗಬೇಕಿತ್ತು. ಆತುರಕ್ಕೆ ಒಂದು ಗಂಟಲಲ್ಲಿ ಸಿಕ್ಕಿಕೊಂಡಿತು. ನಯನ ಮನೆಯಿಂದ ತಂದ ಬಾಟಲಿಯನ್ನು ಕಚ್ಚಿಕೊಂಡೇ ಗಟಗಟ ಕುಡಿದಳು. ಹೊರಗಿನ ಬೆಂಚಿನಲ್ಲಿ ಇಬ್ಬರೂ ಕೂತರು. ನಡುವೆ ಇನ್ನೊಬ್ಬರು ಕೂರುವಷ್ಟು ಜಾಗ ಬಿಟ್ಟು ನಯನ ಕೂತಿದ್ದಳು. ಬಿಸಿಲು ಅವರ ಕಾಲ ಬಳಿ ಬಂದಿತ್ತು.

ಮಂಗಳಮ್ಮ ಯಾರ ಲೋಟವನ್ನೂ ಕಚ್ಚಿ ಕುಡಿದವಳಲ್ಲ. ಮದುವೆಮನೆಯಲ್ಲೂ ನೀರನ್ನು ಎತ್ತಿಕೊಂಡೇ ಕುಡಿಯುವವಳು. ಅವಳು ಜರುಗಿ ಬಂದು ಮಗಳ ಮಗ್ಗುಲಲ್ಲಿ ಕೂತಳು. ಕೈಚಾಚಿ ಬಾಟಲಿ ತೆಗೆದುಕೊಂಡಳು. ಅದರ ಬಾಯಿ ಒರೆಸಲಿಲ್ಲ, ಎತ್ತಲೂ ಇಲ್ಲ. ಹಾಗೇ ಕಚ್ಚಿಕೊಂಡು, ಉಳಿದ ನೀರನ್ನೆಲ್ಲ ನಿಧಾನವಾಗಿ ಕುಡಿದಳು.