ಚಹಾ ಪೊಟ್ಟಣದ ಕೆಂಪು

ಹಾರ ಹಾಕಲು ಬಗ್ಗಿದ ಪ್ರೆಸ್ ಸಾಹುಕಾರನ ಜೇಬಿನಿಂದ ಕೆಂಪು ಶಾಯಿ ಬಳಿದ ಕಾಗದದ ಪಟ್ಟಿಯೊಂದು ಜಾರಿ ಹೆಣದ ಎದೆಯ ಮೇಲೆ ಬಿತ್ತು. ಅವನು ತಟ್ಟನೆ ಎತ್ತಿಕೊಂಡ. ಅಷ್ಟರಲ್ಲಿ ತಲೆಯ ಬಳಿ ಕೂತಿದ್ದ ಹೆಂಡತಿ ನೋಡಿಬಿಟ್ಟಿದ್ದಳು. ಕೆಂಪಿನಲ್ಲಿ ಹಳದಿ ಹೆಚ್ಚಾಗಿತ್ತು.

ಅವಳು ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಬಂದವರು ದುಃಖ ಅಂದುಕೊಂಡರು.

ಸಾಹುಕಾರ ಬಾಗಿಲ ಬಳಿ ಮಷಿನ್ನಿನವನ ಜೊತೆ ಪಿಸುಗುಟ್ಟತೊಡಗಿದ. ಚಹಾ ಕಂಪನಿಯವನು ಪ್ರೆಸ್ಸಿಗೇ ಬಂದು ಕೂತಿದ್ದಾನೆ. ಮಧ್ಯಾಹ್ನದೊಳಗೆ ಪೊಟ್ಟಣದ ಬಣ್ಣ ಹಳೆಯದಕ್ಕೆ ಕೂಡದಿದ್ದರೆ ಕೆಲಸ ಬೇರೆಯವರಿಗೆ. ಆ ಕೆಂಪು ಮಾಮೂಲಿ ಅಚ್ಚಿನ ನಾಲ್ಕು ಬಣ್ಣದ ಚುಕ್ಕೆಗಳಿಂದ ಹುಟ್ಟುವಂಥದ್ದಲ್ಲ. ಸ್ಪಾಟ್ ಕಲರು; ಶಾಯಿಗೆ ಶಾಯಿ ಕಲಸಿ ಡಬ್ಬಿಯಲ್ಲೇ ಅದನ್ನು ಬರಿಸಬೇಕು. ಕಲಸುವವನು ಇಲ್ಲಿ ಮಲಗಿದ್ದಾನೆ.

“ತೂಕ ಎಲ್ಲಾ ಸರಿಯಾಗೇ ಹಾಕಿದೀನಿ. ಏನೋ ಒಂದು ಕೂಡ್ತಿಲ್ಲ,” ಎಂದ ಮಷಿನ್ನಿನವನು. “ಅವನದು ಕಣ್ಣಲ್ಲ ಬಿಡಿ, ತಕ್ಕಡಿ.”

ಅಂಥ ಕಣ್ಣು ಲಕ್ಷಕ್ಕೊಂದು ಎಂದು, ಪ್ರೆಸ್ಸಿನ ಮುಖವನ್ನೇ ಕಾಣದ, ಸತ್ತವನ ಭಾವಮೈದುನ ಸಾಕ್ಷಿ ಹೇಳಿದ.

*

ಸಕ್ಕರೆ ಕಾಯಿಲೆ ಕಣ್ಣಿಗೆ ಇಳಿದ ವರ್ಷ ಗಂಡ ಮೊದಲ ಪಟ್ಟಿಯನ್ನು ಊಟದ ಡಬ್ಬಿಯಲ್ಲಿ ಅಡಗಿಸಿ ತಂದಿದ್ದ. ಚಿಲಕ ಹಾಕಿ, ಹಳೆಯ ಪೊಟ್ಟಣದ ಜೊತೆ ಅವಳ ಕೈಗಿಟ್ಟ.

“ಇವಳೇ, ಎರಡೂ ಒಂದೇನಾ ನೋಡು. ಸುಮ್ನೆ ಕೇಳ್ದೆ.”

ಅವಳು ಕಿಟಕಿಯ ಬೆಳಕಿಗೆ ಹಿಡಿದಳು. “ಇದು ಸ್ವಲ್ಪ ನೀಲಿಗೆ ತಿರುಗಿದೆ.” ಪಟ್ಟಿಯನ್ನು ಅವನ ಕಣ್ಣ ಮುಂದೆ ತಂದಳು.

“ಹೂಂ. ನಾನೂ ಅದೇ ಅಂದ್ಕೊಂಡೆ.”

ಆಮೇಲೆ ಊಟಕ್ಕೆ ಮನೆಗೇ ಬರತೊಡಗಿದ. ಇಳಿವಯಸ್ಸಿನಲ್ಲಿ ಹೆಂಡತಿಯ ಮೇಲೆ ಪ್ರೀತಿ ಉಕ್ಕಿದೆ ಎಂದು ಪ್ರೆಸ್ಸಿನವರು ನಕ್ಕರು. ಪ್ರತಿ ಸಲವೂ ಅವಳು ನೋಡಿ ಹೇಳುವಳು, ಅವನ ಕಣ್ಣ ಮುಂದೆ ಹಿಡಿಯುವಳು. ಅವನು ತಾನೂ ಅದೇ ಅಂದುಕೊಂಡೆ ಅನ್ನುವನು. ಸುಳ್ಳೆಂದು ಇಬ್ಬರಿಗೂ ಗೊತ್ತು. ಒಮ್ಮೆ ಮಾತ್ರ ಅಂದಿದ್ದ: “ಯಾರಿಗೂ ಹೇಳ್ಬೇಡ್ವೇ. ಕಣ್ಣಿಲ್ಲ ಅಂದ್ಮೇಲೆ ಆ ಪ್ರೆಸ್ಸಲ್ಲಿ ನಾನ್ಯಾರು?”

*

ಹೆಣ ಒಯ್ಯುವ ಗಾಡಿ ಬಂದು ನಿಂತಿತು. ಸಾಹುಕಾರನ ಫೋನೂ ಆಗಲೇ ಬಡಿದುಕೊಂಡಿತು. ಕಂಪನಿಯವನು ಹೊರಡಲು ಎದ್ದಿದ್ದಾನಂತೆ. ಈ ಕೆಲಸ ಹೋದರೆ ಮಷಿನ್ ಮಾರುತ್ತೀರಾ ಎಂದು ಮಷಿನ್ನಿನವನು ಕೇಳಿದ. ಸಾಹುಕಾರ ಪಟ್ಟಿಯನ್ನು ಮತ್ತೆ ಜೇಬಿನಿಂದ ತೆಗೆದ.

“ಸಾಹುಕಾರ್ರೇ, ಆ ಪಟ್ಟಿ ಕೊಡಿ ಇಲ್ಲಿ,” ಎಂದು ಅವಳು ಕೈ ಚಾಚಿದಳು.

“ತಪ್ಪು ತಿಳ್ಕೋಬೇಡಿ ಅತ್ತಿಗೆ. ಇವತ್ತಿನ ದಿನ ತರಬಾರದಿತ್ತು.”

ಅವಳು ಪಟ್ಟಿ ಹಿಡಿದು ಕಿಟಕಿಗೆ ಹೋದಳು.

“ಹಳದಿ ಜಾಸ್ತಿ ಆಗಿದೆ. ಚೂರು ಗುಲಾಬಿ ಬೆರೆಸಿ, ಕೂಡುತ್ತೆ.”

“ನಿಮಗೆ ಹೇಗೆ ಗೊತ್ತು?” ಎಂದ ಮಷಿನ್ನಿನವನು.

“ಅವರು ಹೇಳೋರು,” ಎಂದಳು. ದನಿ ಎಲ್ಲೂ ಅಲುಗಲಿಲ್ಲ. ತನ್ನ ಸುಳ್ಳು ದಕ್ಕಿತು ಅಂದುಕೊಂಡಳು.

ಹೊರುವವರು ಚಟ್ಟಕ್ಕೆ ಕೈ ಹಾಕಿದರು. ಒಂದು ನಿಮಿಷ ಎಂದು ಅವಳು ಅಡ್ಡ ಬಂದಳು. ಬಗ್ಗಿ, ಆ ಕೆಂಪು ಪಟ್ಟಿಯನ್ನು ಗಂಡನ ಮುಚ್ಚಿದ ಕಣ್ಣುಗಳ ಮುಂದೆ ಹಿಡಿದು, ಕಾಯುತ್ತ ನಿಂತಳು.